ಡಿಯರ್‌ಬಾರ್ನ್‌ನಲ್ಲಿ ಎರಡು ಪಂಚಮಿ

ಶನಿವಾರ ಬೆಳಿಗ್ಗೆ ಆರೂವರೆಗೆ ಷಿಕಾಗೋ ಪಕ್ಕದ ಡೌನರ್ಸ್ ಗ್ರೋವ್ ಬಿಟ್ಟೆವು. ಮುಂದಿನ ಸೀಟುಗಳಲ್ಲಿ ನಾನು ಮತ್ತು ನನ್ನ ಗಂಡ ಶ್ರೀಕಂಠ, ಹಿಂದಿನ ಸೀಟಿನಲ್ಲಿ ಬೆಲ್ಟು ಬಿಗಿಸಿ ಕೂರಿಸಿದ ಒಂದು ಸ್ಟೀಲ್ ಡಬ್ಬಿ. ಡಬ್ಬಿಯಲ್ಲಿ ನಾಗರ ಪಂಚಮಿಯ ಉಂಡಿಗಳಿದ್ದವು: ಶೇಂಗಾ, ಎಳ್ಳು, ರವೆ. ಹೋಗಬೇಕಾದದ್ದು ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್‌ಗೆ, ಡೆಟ್ರಾಯಿಟ್‌ಗೆ ಅಂಟಿಕೊಂಡೇ ಇರುವ ಊರು. ಇನ್ನೂರ ಎಂಬತ್ತು ಮೈಲಿ. ನಾಲ್ಕೂವರೆ ಗಂಟೆಯ ದಾರಿ ಎಂದು ಫೋನು ಹೇಳಿತು. ನಮ್ಮ ಯಜಮಾನರು ಡ್ರೈವ್ ಮಾಡುವ ವೇಗಕ್ಕೆ ಐದು ಗಂಟೆ ಎಂದು ನಾನು ಹೇಳಿದೆ.

ಹೋಗುತ್ತಿದ್ದುದು ಮೂರು ವರ್ಷದಿಂದ ಮಾತು ಬಿಟ್ಟ ನನ್ನ ತಮ್ಮನ ಜೊತೆ ಒಂದು ಊಟ ಮಾಡಲು. ಒಂದು ಊಟ, ಅಷ್ಟೇ. ಅದು ಸರಿಹೋದರೆ ನನಗೆ ತವರು ಎನ್ನುವುದೊಂದು ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಧಾರವಾಡದಲ್ಲಿ ಈಗ ನಮ್ಮವರು ಅಂತ ಇರುವುದು ಒಬ್ಬ ಕಾಕಾ ಮಾತ್ರ. ಉಳಿದ ತವರೆಲ್ಲ ಡೆಟ್ರಾಯಿಟ್ ಹತ್ತಿರದ ಸ್ಟರ್ಲಿಂಗ್ ಹೈಟ್ಸ್‌ನ ಕಾರು ಕಾರ್ಖಾನೆಯಲ್ಲಿ ಎಂಜಿನಿಯರಾಗಿರುವ ಈ ಪ್ರಲ್ಹಾದನೇ. ನಾವು ಮನೆಯಲ್ಲಿ ಪಲ್ಲ್ಯಾ ಅನ್ನುತ್ತೇವೆ.

ಜಗಳ ಏನು ಎಂದು ಯಾರಿಗಾದರೂ ಹೇಳಿದರೆ ನಗುತ್ತಾರೆ, ಆದರೂ ಹೇಳುತ್ತೇನೆ. ನಮ್ಮವ್ವ ತೀರಿಕೊಂಡ ಮೇಲೆ ವರ್ಷವರ್ಷ ಅವಳ ಶ್ರಾದ್ಧ ಮಾಡುವವನು ಪಲ್ಲ್ಯಾ. ತಿಥಿ ಧಾರವಾಡದ ಪಂಚಾಂಗದಲ್ಲಿ ಮಂಗಳವಾರ ಬಂದರೆ ಅಮೆರಿಕದ ಪಂಚಾಂಗದಲ್ಲಿ ಸೋಮವಾರವೇ ಬಂದುಬಿಡುವುದುಂಟು. ಸೂರ್ಯ ಇಲ್ಲಿ ಹುಟ್ಟುವ ಹೊತ್ತೇ ಬೇರೆಯಲ್ಲವೇ? ಮೂರು ವರ್ಷದ ಹಿಂದೆ ಅವನು ಇಲ್ಲಿನ ಲೆಕ್ಕ ಹಿಡಿದು ಸೋಮವಾರ ಮಾಡಿ ಮುಗಿಸಿದ. ನಾನು ಕಾಕಾನ ಮಾತು ಹಿಡಿದು ಮಂಗಳವಾರ ಹಿತ್ತಲ ಡೆಕ್ಕಿನ ಮೇಲೆ ಒಂದೆಲೆ ಬಡಿಸಿಟ್ಟು ಕಾಗೆಗೆ ಕಾದೆ. ಆ ಸಂಜೆ ಫೋನಿನಲ್ಲಿ ಮಾತಿಗೆ ಮಾತು ಬೆಳೆಯಿತು. "ಅವ್ವ ಸತ್ತದ್ದು ಧಾರವಾಡದಾಗ, ನಿಮ್ಮ ಮಿಷಿಗನ್ನಿನ್ಯಾಗ ಅಲ್ಲ" ಎಂದೆ. "ಮಾಡಾಂವ ಎಲ್ಲಿ ಇರ್ತಾನೋ ಅಲ್ಲೀ ಸೂರ್ಯನ ಲೆಕ್ಕ, ಅಕ್ಕಾ" ಎಂದ. ಅಲ್ಲಿಗೆ ಬಿಡಬೇಕಿತ್ತು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. "ಹಂಗಾದ್ರ ನೀ ಮಾಡಿದ್ದು ಅವ್ವಗ ಮುಟ್ಟಿಲ್ಲ, ತಿಳಕೋ" ಎಂದುಬಿಟ್ಟೆ. ಅವನು ಫೋನ್ ಇಟ್ಟ. ಆಮೇಲೆ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹೋದ ತಿಂಗಳು ಇದ್ದಕ್ಕಿದ್ದಂತೆ ಅವನ ಮೆಸೇಜು ಬಂತು. "ಅಕ್ಕಾ, ಪಂಚಮಿ ದಿನ ಮಧ್ಯಾಹ್ನ ಒಂದಕ್ಕ ಡಿಯರ್‌ಬಾರ್ನ್‌ಗೆ ಊಟಕ್ಕ ಬರ್ತೀಯೇನು? ಅವ್ವನ್ನ ಕರಕೊಂಡು ಹೋಗಿದ್ವಲ್ಲ, ಆ ಕಾರಂಜಿ ಹೋಟೆಲ್." ನಾನು "ಬರ್ತೀನಿ" ಎಂದಷ್ಟೇ ಬರೆದೆ. ಬರೆದ ಮೇಲೆ ಗೊಂದಲ ಶುರುವಾಯಿತು. ನಮ್ಮ ಕಡೆ ಪಂಚಮಿಗೆ ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಮನೆಗೆ ಕರೆಯುತ್ತಾರೆ. ಹೋಟೆಲಿಗೆ ಯಾರು ಕರೆಯುತ್ತಾರೆ? ಇದು ಕರೆಯೋ, ಅಥವಾ ಮನೆಯ ಹೊಸ್ತಿಲು ತುಳಿಯಬೇಡ ಎಂದು ಹೇಳುವ ನಯವಾದ ರೀತಿಯೋ? ಶ್ರೀಕಂಠರನ್ನು ಕೇಳಿದರೆ, "ಊಟಕ್ಕೆ ಕರ್ದಿದಾನೆ, ಊಟ ಮಾಡ್ಕೊಂಡ್ ಬರೋಣ ಇಂದೂ" ಎಂದರು. ಮೈಸೂರಿನವರಿಗೆ ಎಲ್ಲವೂ ಇಷ್ಟು ಸಲೀಸು.

ಇನ್ನೊಂದು ತೊಡಕಿತ್ತು. ಈ ಸಲ ಪಂಚಮಿಯೂ ಎರಡು. ಅಡುಗೆಮನೆಯ ಗೋಡೆಯಲ್ಲಿ ತೂಗುವ ಇಲ್ಲಿನ ದೇವಸ್ಥಾನದ ಕ್ಯಾಲೆಂಡರಿನಲ್ಲಿ ಶನಿವಾರ, ಧಾರವಾಡದ ಪಂಚಾಂಗದಲ್ಲಿ ಭಾನುವಾರ. ನನ್ನ ನಿಜವಾದ ಪಂಚಮಿ ಭಾನುವಾರವೇ. ಆದರೆ ಹೇಗೂ ಸೋಲಲು ಹೊರಟಿದ್ದೇನೆ, ಪೂರ್ತಿ ಸೋತುಬಿಡೋಣ ಎಂದು ಮನಸ್ಸು ಗಟ್ಟಿ ಮಾಡಿ ಅವನ ಲೆಕ್ಕದ ಶನಿವಾರವನ್ನೇ ಹಿಡಿದೆ. ಮೂರು ವರ್ಷದಲ್ಲಿ ನಾನು ಬಿಟ್ಟುಕೊಟ್ಟ ಮೊದಲ ಸಂಗತಿ ಅದು. ಅದನ್ನು ಅವನಿಗೆ ಹೇಳಲಿಲ್ಲ. ಹೇಳಿದರೆ ಬಿಟ್ಟುಕೊಟ್ಟದ್ದಕ್ಕೆ ಬೆಲೆ ಏನು ಉಳಿಯಿತು?

ಟ್ರೈ-ಸ್ಟೇಟ್ ಟೋಲ್ ರಸ್ತೆ ಹಿಡಿದು ಇಂಡಿಯಾನಾ ದಾಟಿದೆವು. ಗ್ಯಾರಿಯ ಹತ್ತಿರ ಉಕ್ಕಿನ ಕಾರ್ಖಾನೆಗಳ ವಾಸನೆ, ಲಾರಿಗಳ ಸಾಲು, ಒಂದು ಕಡೆ ರಸ್ತೆ ಕೆಲಸ. ಮಿಷಿಗನ್ ಗಡಿ ದಾಟಿದ ಕೂಡಲೇ ಫೋನಿನ ಗಡಿಯಾರ ತಾನೇ ಒಂದು ಗಂಟೆ ಮುಂದೆ ಹಾರಿತು. ಒಂದು ಗಂಟೆ ಎಲ್ಲಿ ಹೋಯಿತು ಎಂದು ಪ್ರತಿ ಸಲವೂ ನನಗೆ ಸಿಟ್ಟು ಬರುತ್ತದೆ. ದಾರಿ ಬದಿಯ ತೋಟವೊಂದರಲ್ಲಿ ಬ್ಲೂಬೆರಿ ಮಾರುತ್ತಿದ್ದರು, ಒಂದು ಡಬ್ಬಿಗೆ ಐದು ಡಾಲರ್. ಶ್ರೀಕಂಠ ಎರಡು ಡಬ್ಬಿ ಕೊಂಡು, ಕಾಲಮಜೂ ಬರುವುದರೊಳಗೆ ಒಂದನ್ನು ಮುಗಿಸಿದರು. ಹೊರಗೆ ಎಂಬತ್ತೆಂಟು ಡಿಗ್ರಿ ಫ್ಯಾರನ್‌ಹೀಟ್, ಕಾರಿನೊಳಗೆ ಎಪ್ಪತ್ತು, ನನ್ನ ತಲೆಯೊಳಗೆ ಎಷ್ಟೋ ಗೊತ್ತಿಲ್ಲ.

ಡಿಯರ್‌ಬಾರ್ನ್‌ನ ವಾರೆನ್ ಅವೆನ್ಯೂ ತಲುಪಿದಾಗ ಹನ್ನೆರಡೂ ಮುಕ್ಕಾಲು. ಹೋಟೆಲಿನ ಹೆಸರು ನನಗೆ ನೆನಪಿರಲಿಲ್ಲ. ಅವ್ವನನ್ನು ಕರೆದುಕೊಂಡು ಬಂದು ಹನ್ನೆರಡು ವರ್ಷವಾಗಿತ್ತು. ಹಸಿರು ಬೋರ್ಡು, ಒಳಗೆ ನೀಲಿ ಹೆಂಚಿನ ಕಾರಂಜಿ, ಪಕ್ಕದಲ್ಲಿ ಒಂದು ಬೇಕರಿ, ಇಷ್ಟೇ ಗುರುತು. ಒಂದು ಸಲ ನೋಡಿದರೆ ಸಿಕ್ಕೇ ಸಿಗುತ್ತದೆ ಎಂದುಕೊಂಡಿದ್ದೆ. ನೋಡಿದರೆ ರಸ್ತೆಯ ಎರಡೂ ಬದಿ ಹೋಟೆಲುಗಳೇ. ಅರ್ಧಕ್ಕರ್ಧ ಹಸಿರು ಬೋರ್ಡುಗಳೇ. ಪ್ರತಿ ಮೂರನೆಯ ಅಂಗಡಿ ಬೇಕರಿ. ಅರಬಿ ಅಕ್ಷರದಲ್ಲಿ ಬರೆದದ್ದರ ಕೆಳಗೆ ಸಣ್ಣದಾಗಿ ಇಂಗ್ಲಿಷು. ಲೆಬನಾನಿನವರು, ಇರಾಕಿನವರು, ಯೆಮೆನಿನವರು, ಎಲ್ಲರ ಒಲೆಗಳ ಹೊಗೆಯೂ ಒಂದೇ ಬೀದಿಯಲ್ಲಿ ಸೇರಿಕೊಂಡು, ಸುಟ್ಟ ಬದನೆಕಾಯಿಯೋ ಮಾಂಸವೋ ಏಲಕ್ಕಿಯೋ ಎಂದು ತಿಳಿಯದೆ ನಾನು ಮೂಗು ಹಿಡಿದೆ, ಬಿಟ್ಟೆ, ಮತ್ತೆ ಹಿಡಿದೆ.

ನಾನು ಆಸ್ಪತ್ರೆಯಲ್ಲಿ ಪ್ಯಾಥಾಲಜಿಸ್ಟ್. ದಿನವಿಡೀ ಸೂಕ್ಷ್ಮದರ್ಶಕದಲ್ಲಿ ಗಾಜಿನ ಪಟ್ಟಿ ನೋಡಿ, ರೋಗ ಇದೆ ಅಥವಾ ಇಲ್ಲ ಎಂದು ಹೇಳುವುದು ನನ್ನ ಕೆಲಸ. ಇದ್ದರೂ ಇರಬಹುದು ಎನ್ನುವ ಮಾತು ನನಗೆ ಆಗದು. ಆ ಬೀದಿಯಲ್ಲಿ ಮಾತ್ರ ಎಲ್ಲವೂ ಇದ್ದರೂ ಇರಬಹುದು.

ಮೊದಲು ಹೊಕ್ಕಿದ್ದು ಎಲ್ಲಕ್ಕಿಂತ ದೊಡ್ಡ ಹಸಿರು ಬೋರ್ಡಿನ ಹೋಟೆಲು. ಒಳಗೆ ಯಾರದೋ ನಿಶ್ಚಿತಾರ್ಥ. ಬಾಗಿಲಲ್ಲಿ ನಿಂತಿದ್ದ ದಪ್ಪ ಮೀಸೆಯ ಯಜಮಾನರು ನನ್ನ ರೇಷ್ಮೆ ಸೀರೆ ನೋಡಿ, ಹುಡುಗಿಯ ಕಡೆಯವರೆಂದೇ ತಿಳಿದು, ನೇರವಾಗಿ ಒಳಗಿನ ಮೇಜಿಗೆ ಕರೆದೊಯ್ದು ಕೂರಿಸಿದರು. ನಾನು ಕಾರಂಜಿ ಎಲ್ಲಿದೆ ಎಂದು ಕೇಳುವಷ್ಟರಲ್ಲಿ ಬಿಸಿ ರೊಟ್ಟಿ, ಗುಲಾಬಿ ಬಣ್ಣದ ಮೂಲಂಗಿ ಉಪ್ಪಿನಕಾಯಿ, ಆಲಿವ್ ಕಾಯಿ ಬಂದವು. ಶ್ರೀಕಂಠ ರೊಟ್ಟಿ ಮುರಿದೇಬಿಟ್ಟರು. "ಇದು ಬೇರೆಯವರ ನಿಶ್ಚಿತಾರ್ಥದ ಊಟ" ಎಂದು ನಾನು ಚಿವುಟಿದೆ. "ನಾವ್ ಬೇಡ ಅಂದ್ರೆ ಅವ್ರಿಗೆ ಬೇಜಾರಾಗುತ್ತೆ" ಎಂದರು. ತಪ್ಪಾಗಿ ಬಂದೆವೆಂದು ಹೇಳಿ ಹೊರಡಲು ಎದ್ದರೆ ಆ ಮೀಸೆಯ ಯಜಮಾನರು ಬಿಡಲೊಲ್ಲರು. ಯಾರಾದರೇನು, ಬಂದವರು ತಿಂದೇ ಹೋಗಬೇಕಂತೆ. ಹತ್ತು ನಿಮಿಷ ಅಲ್ಲೇ ಹೋಯಿತು.

ಎರಡನೆಯದರಲ್ಲಿ ಕಾರಂಜಿ ಇತ್ತು, ನೀರೂ ಚಿಮ್ಮುತ್ತಿತ್ತು. ಆದರೆ ಅದು ಯೆಮೆನಿನವರ ಹೋಟೆಲು. ಛತ್ರಿಯಷ್ಟು ಅಗಲದ ರೊಟ್ಟಿಯನ್ನು ಕಬ್ಬಿಣದ ಕೊಕ್ಕೆಗೆ ತೂಗುಹಾಕಿ ಮೇಜಿಗೆ ತರುತ್ತಿದ್ದರು. ಒಂದೇ ಹರಿವಾಣದ ಸುತ್ತ ಆರೇಳು ಜನ ಕುಳಿತು ಕುರಿಮಾಂಸದ ಅನ್ನ ಉಣ್ಣುತ್ತಿದ್ದರು. ಅವ್ವನನ್ನು ಇಂಥ ಕಡೆ ಕರೆತಂದಿದ್ದರೆ ಅವಳು ಬಾಗಿಲಲ್ಲೇ ಸ್ನಾನ ಕೇಳುತ್ತಿದ್ದಳು. ಇದಲ್ಲ ಎಂದು ಹೊರಬಿದ್ದೆ. ಹೊತ್ತು ಒಂದೂ ಕಾಲು.

"ಒಂದ್ ಫೋನ್ ಮಾಡ್ಬಿಡೋಣ್ವಾ?" ಎಂದು ಶ್ರೀಕಂಠ ಮೆಲ್ಲಗೆ ಕೇಳಿದರು.

"ಬ್ಯಾಡ. ಕರದಾಂವ ಅವಾ. ತಡ ಆದ್ರ ಕೇಳೂದು ಅವನ ಕೆಲಸ. ನೀವು ಕದ್ದು ಮಾಡಿದ್ರ ನಾ ಬಸ್ಸಿಗೆ ಮನಿಗೆ ಹೋಗ್ತೀನಿ ನೋಡ್ರಿ."

ಒಂದು ಕಾಫಿ ಅಂಗಡಿಯ ಹೊರಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದ ಮುದುಕರೊಬ್ಬರನ್ನು ಕೇಳಿದೆವು. ಅವರು ನಮಗೂ ಕುರ್ಚಿ ತರಿಸಿ, ಸಣ್ಣ ಬಟ್ಟಲಲ್ಲಿ ಏಲಕ್ಕಿ ಹಾಕಿದ ಕಾಫಿ ಕೊಡಿಸಿ, ಆಮೇಲೆ ಯೋಚಿಸಿದರು. ಹನ್ನೆರಡು ವರ್ಷದ ಹಿಂದೆ ಈ ಬೀದಿಯಲ್ಲಿ ಎಲ್ಲರೂ ಕಾರಂಜಿ ಇಟ್ಟಿದ್ದರಂತೆ. ಈಗ ಎಲ್ಲರೂ ತೆಗೆದು ಟಿವಿ ಇಟ್ಟಿದ್ದಾರಂತೆ. "ಯಾರನ್ನು ಹುಡುಕುತ್ತಿದ್ದೀರಿ?" ಎಂದರು. ತಮ್ಮನನ್ನು ಎಂದೆ. "ತಮ್ಮನಿಗೆ ಫೋನ್ ಇಲ್ಲವೇ?" ಎಂದರು. ಇದೆ ಎಂದೆ. ಅವರು ನನ್ನ ಮುಖ ನೋಡಿದರು, ಶ್ರೀಕಂಠರ ಮುಖ ನೋಡಿದರು, ಮತ್ತೇನೂ ಕೇಳದೆ ಬೀದಿಯ ಆ ತುದಿಗೆ ಕೈ ತೋರಿಸಿದರು. ಅಲ್ಲಿ ಮಣ್ಣಿನ ಬಣ್ಣದ ಬೋರ್ಡಿನ ಒಂದು ಹಳೆಯ ಲೆಬನೀಸ್ ಹೋಟೆಲು ಇದೆ, ಅವರದು ಮಾತ್ರ ಹಳೆಯ ಕಾರಂಜಿ ಹಾಗೇ ಇದೆ, ನೀರಿಲ್ಲ ಎಂದರು.

ಅದೇ ಆಗಿತ್ತು. ಬೋರ್ಡು ಬದಲಾಗಿತ್ತು, ಕಾರಂಜಿಯಲ್ಲಿ ನೀರಿನ ಬದಲು ಪುದೀನದ ಕುಂಡಗಳಿದ್ದವು. ಆದರೆ ನೀಲಿ ಹೆಂಚುಗಳು ಹಾಗೆಯೇ ಇದ್ದವು, ಕಿಟಕಿಯ ಪಕ್ಕದ ಮೇಜೂ ಇತ್ತು. ಅವ್ವ ಅಲ್ಲಿ ಕುಳಿತು ಬೇಳೆ ಹಾಕಿದ ಅನ್ನ ತಿಂದು, "ಇವರೂ ಅನ್ನಕ್ಕ ಬ್ಯಾಳಿ ಹಾಕ್ತಾರ. ಅಂದಮ್ಯಾಲೆ ನಮ್ಮ ಪೈಕಿನೇ" ಎಂದು ತೀರ್ಪು ಕೊಟ್ಟಿದ್ದಳು. ಆಗ ಪಲ್ಲ್ಯಾ ಎಷ್ಟು ನಕ್ಕಿದ್ದನೆಂದರೆ ಮೂಗಿಗೆ ಮಜ್ಜಿಗೆ ಏರಿತ್ತು. ನಾನು ಆ ಮೇಜಿಗೇ ಹೋಗಿ ಕುಳಿತೆ. ಎರಡು ಗಂಟೆಗೆ ಹತ್ತು ನಿಮಿಷ ಕಡಿಮೆ ಇತ್ತು. ಪಲ್ಲ್ಯಾ ಇರಲಿಲ್ಲ.

ಬಡಿಸುವ ಹೆಂಗಸಿನ ಹೆಸರು ಸಮೀರಾ. ನಲವತ್ತರ ಆಸುಪಾಸು, ತಲೆಗೆ ಕಂದು ಬಣ್ಣದ ವಸ್ತ್ರ, ಮಾತು ಅಪ್ಪಟ ಡೆಟ್ರಾಯಿಟ್‌ನವರದು. ಒಂದು ಗಂಟೆಯಿಂದ ಯಾರಾದರೂ ಕನ್ನಡಕದ, ಜೋರು ದನಿಯ ಭಾರತೀಯ ಒಬ್ಬನೇ ಬಂದು ಕುಳಿತಿದ್ದನೇ ಎಂದು ಕೇಳಿದೆ. ಇಲ್ಲ ಎಂದಳು. ಹಾಗಾದರೆ ನಾವು ತಡವಾಗಿದ್ದಕ್ಕೆ ಅವನು ಎದ್ದುಹೋದನೆಂದೂ ಅಲ್ಲ. ತಲೆಬುಡ ತಿಳಿಯಲಿಲ್ಲ. ಹೋಟೆಲು ಇದೇ, ದಿನ ಇದೇ, ಹೊತ್ತೂ ಅವನದೇ. ಮನುಷ್ಯ ಎಲ್ಲಿ?

ಎರಡೂವರೆ, ಮೂರು, ಮೂರೂವರೆ. ಬಾಗಿಲು ತೆರೆದಾಗಲೆಲ್ಲ ಕತ್ತು ಎತ್ತಿದೆ. ಒಂದು ಹೊತ್ತು ಅವನಿಗೆ ಏನೋ ಆಗಿದೆ ಎಂದು ಹೆದರಿದೆ, ಮರುಗಳಿಗೆ ಬೇಕಂತಲೇ ಕಾಯಿಸುತ್ತಿದ್ದಾನೆಂದು ಹಲ್ಲು ಕಡಿದೆ. ಮೂರು ವರ್ಷದ ಸೇಡು ಹೀಗೆ ತೀರಿಸಿಕೊಳ್ಳುತ್ತಾನೆಯೇ? ಅವನು ಅಂಥವನಲ್ಲ. ಆದರೆ ಮೂರು ವರ್ಷ ಮಾತಾಡದವನು ಎಂಥವನಾಗಿದ್ದಾನೋ ನನಗೇನು ಗೊತ್ತು?

ಖಾಲಿ ಮೇಜಿನಲ್ಲಿ ಕುಳಿತವರನ್ನು ಕಂಡು ಸಮೀರಾಗೆ ತಡೆಯಲಾಗಲಿಲ್ಲ. ನಾಲ್ಕನೆಯ ಸಲ ಬಂದು, ಏನಾದರೂ ತರಲೇಬೇಕು ಎಂದಳು. ನಾನು ಹೇಳಿದೆ, ಇವತ್ತು ನಮ್ಮ ಹಬ್ಬ, ಮಾಂಸ ಮೊಟ್ಟೆ ಯಾವತ್ತೂ ಇಲ್ಲ, ಇವತ್ತು ಅದರ ಮೇಲೆ ಮೂರು ಕಟ್ಟಳೆ: ಈಳಿಗೆ ಚಾಕುವಿನಲ್ಲಿ ಹೆಚ್ಚಿದ್ದಾಗದು, ಎಣ್ಣೆಯಲ್ಲಿ ಕರಿದದ್ದಾಗದು, ಹಂಚಿನ ಮೇಲೆ ಬೇಯಿಸಿದ್ದಾಗದು.

ಅವಳು ಪೆನ್ನು ಹಿಡಿದು ನಿಂತಳು. ಫಲಾಫೆಲ್? ಕರಿದದ್ದು. ಫತ್ತೂಶ್? ಹೆಚ್ಚಿದ್ದು. ರೊಟ್ಟಿ? ಅವರ ಒಲೆಯ ಕಲ್ಲು ಹಂಚೋ ಅಲ್ಲವೋ ಎಂದು ನನಗೇ ಗೊಂದಲವಾಯಿತು. ಬೇಳೆ ಅನ್ನ? ಮೇಲೆ ಕರಿದ ಈರುಳ್ಳಿ. "ಚಾಕು ಯಾಕೆ ಬೇಡ?" ಎಂದು ಅವಳು ನಿಜವಾದ ಕುತೂಹಲದಿಂದ ಕೇಳಿದಳು. ಹಾವಿಗೆ ನೋವಾಗಬಾರದು ಎಂದೆ. ಅವಳು ಮೇಜಿನ ಕೆಳಗೆ ಒಮ್ಮೆ ನೋಡಿದಳು. ಶ್ರೀಕಂಠ ಕೆಮ್ಮುತ್ತ ಬ್ಲೂಬೆರಿ ಮುಚ್ಚಿಟ್ಟರು.

ಕೊನೆಗೆ ಅಡುಗೆಮನೆಗೆ ಹೋಗಿ ಯಾರ ಹತ್ತಿರವೋ ಅರಬಿಯಲ್ಲಿ ದೊಡ್ಡ ಚರ್ಚೆ ನಡೆಸಿ ಬಂದಳು. ಹಮ್ಮಸ್, ಅಂದರೆ ಕಡಲೆ ಕುದಿಸಿ ರುಬ್ಬಿದ್ದು. ನೀರು ಬಸಿದ ಗಟ್ಟಿ ಮೊಸರು. ಬೇಳೆಯ ಸಾರು, ಹೆಚ್ಚಿದ್ದೇನೂ ಹಾಕದೆ ಹೊಸದಾಗಿ ಕುದಿಸಿದ್ದು. ಖರ್ಜೂರ. ಬಿಳಿ ಅನ್ನ. ಎಲ್ಲವನ್ನೂ ತಂದು ಸಾಲಾಗಿ ಇಟ್ಟು, "ಒಂದು ಚಾಕುವೂ ಮುಟ್ಟಿಲ್ಲ, ದೇವರಾಣೆ" ಎಂದಳು. ಯಾರೆಂದು ತಿಳಿಯದ ಹೆಂಗಸು ಇಷ್ಟು ಮಾಡಿದಳು. ಸ್ವಂತ ತಮ್ಮ ಬರಲಿಲ್ಲ. ನನಗೆ ಅಳು ಬಂದುಬಿಟ್ಟಿತು. ಐದು ಗಂಟೆಗೆ ಒಂದಿಷ್ಟು ಅನ್ನ ಕಲಸಿ ನುಂಗಿ ಎದ್ದೆ. ಹೊರಡುವಾಗ ಡಬ್ಬಿ ತೆಗೆದು ಸಮೀರಾಗೆ ನಾಲ್ಕು ಶೇಂಗಾ ಉಂಡಿ ಕೊಟ್ಟೆ. ಅವಳು ಅಲ್ಲೇ ಒಂದು ಬಾಯಿಗೆ ಹಾಕಿಕೊಂಡು, "ಆ ಮನುಷ್ಯ ಪೆದ್ದ" ಎಂದಳು. ಯಾರೆಂದು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಹೆದ್ದಾರಿಯ ಪಕ್ಕದ ಮೋಟೆಲಿನಲ್ಲಿ ನೂರ ಹತ್ತೊಂಬತ್ತು ಡಾಲರಿಗೆ ಒಂದು ಕೋಣೆ ಹಿಡಿದೆವು. ಶ್ರೀಕಂಠ ಪಾಪ, ಬೀದಿಗೆ ಹೋಗಿ ಚೀಸಿನ ಮೇಲೆ ಶಾವಿಗೆ ಹಾಕಿ ಪಾಕ ಸುರಿದ ಅದೇನೋ ಸಿಹಿ ಕಟ್ಟಿಸಿಕೊಂಡು ಬಂದರು. "ತಿನ್ನು ಇಂದೂ, ಒಬ್ಬಟ್ಟಿನ ಥರಾನೇ ಇದೆ" ಎಂದರು. ಒಬ್ಬಟ್ಟಿನ ಥರ ಏನೂ ಇರಲಿಲ್ಲ. ನಾನು ಗೋಡೆಗೆ ಮುಖ ಮಾಡಿ ಮಲಗಿದೆ.

ಭಾನುವಾರ ನನ್ನ ನಿಜವಾದ ಪಂಚಮಿ. ಮೋಟೆಲಿನ ಸಿಂಕಿನ ಪಕ್ಕ, ಸಾಬೂನಿನ ಕಾಗದದ ಮೇಲೆ ಕುಂಕುಮ ಹಚ್ಚಿದ ಬೆರಳಿನಿಂದ ನಾಗಪ್ಪನನ್ನು ಬರೆದು, ಕಾಫಿಗೆ ಇಟ್ಟಿದ್ದ ಪುಟ್ಟ ಹಾಲಿನ ಡಬ್ಬಿ ಒಡೆದು ಹಾಲೆರೆದೆ. ನಮ್ಮ ಕಡೆ ಒಬ್ಬೊಬ್ಬರ ಹೆಸರು ಹೇಳಿ ಎರೆಯುತ್ತಾರೆ: ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು. ತಮ್ಮನ ಪಾಲಿಗೆ ಬಂದಾಗ ಕೈ ನಿಂತಿತು. ಎಷ್ಟು ಸಿಟ್ಟಿದ್ದರೂ ಅದೊಂದನ್ನು ತಪ್ಪಿಸಲು ಆಗಲಿಲ್ಲ. ಎರೆದೆ. ಹನ್ನೊಂದೂವರೆಗೆ ಕೋಣೆ ಖಾಲಿ ಮಾಡಿ ಷಿಕಾಗೋ ದಾರಿ ಹಿಡಿದೆವು. ಹಿಂತಿರುಗಿ ನೋಡಲಿಲ್ಲ. ಇನ್ನು ಈ ಊರಿಗೆ ಕಾಲಿಡುವುದಿಲ್ಲ, ತಮ್ಮನೆಂಬವನು ನನಗಿಲ್ಲ ಎಂದು ಆನ್ ಆರ್ಬರ್ ಬರುವವರೆಗೆ ಜೋರಾಗಿ ಹೇಳಿದೆ, ಜ್ಯಾಕ್ಸನ್ ಬರುವವರೆಗೆ ಮನಸ್ಸಿನಲ್ಲಿ ಹೇಳಿಕೊಂಡೆ.

ಜ್ಯಾಕ್ಸನ್ ದಾಟಿ ಒಂದು ರೆಸ್ಟ್ ಏರಿಯಾದಲ್ಲಿ ನಿಂತೆವು. ಮರದ ಕೆಳಗಿನ ಬೆಂಚಿನಲ್ಲಿ ಶ್ರೀಕಂಠ ನಿನ್ನೆ ಸಮೀರಾ ಕಟ್ಟಿಕೊಟ್ಟಿದ್ದ ಮೊಸರನ್ನದ ಡಬ್ಬಿ ಬಿಚ್ಚುತ್ತಿದ್ದರು. ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ನನ್ನ ಫೋನು ಹೊಡೆದುಕೊಂಡಿತು. ಪಲ್ಲ್ಯಾ. ಮೂರು ವರ್ಷದ ಮೇಲೆ ಆ ಹೆಸರು ಪರದೆಯ ಮೇಲೆ. ಎತ್ತಬಾರದೆಂದು ಕೈ ಹಿಂದೆಗೆದೆ. ಶ್ರೀಕಂಠ ಫೋನು ಒತ್ತಿ ನನ್ನ ಕಿವಿಗೆ ಹಿಡಿದುಬಿಟ್ಟರು.

"ಅಕ್ಕಾ, ನೀ ನಿನ್ನೆ ಬಂದಿದ್ದೇನು?"

"ಬಂದಿದ್ದೆ. ಐದರತನಕ ನಾಯಿ ಕಾಯ್ದಂಗ ಕಾಯ್ದೆ. ನೀ ಎಲ್ಲಿ ಸತ್ತಿದ್ದಿ?"

"ನಾ ನಿನ್ನೆ ಪ್ಲ್ಯಾಂಟಿನಾಗ ಇದ್ದೆ, ಅಕ್ಕಾ. ಶನಿವಾರದ ಶಿಫ್ಟು. ಪಂಚಮಿ ಇವತ್ತಲ್ಲ? ನಿಮ್ಮ ಧಾರವಾಡದ ಪಂಚಾಂಗದಾಗ?"

ನಾನು ಶ್ರೀಕಂಠರ ಕೈಯಿಂದ ಫೋನು ಕಿತ್ತುಕೊಂಡೆ.

"ನೀ ಧಾರವಾಡದ್ದೇ ಹಿಡಿತೀ ಅಂತ ನಾ ಇವತ್ತ ಬಂದು ಕೂತೀನಿ" ಎಂದ. "ಹೆಚ್ಚಿದ್ದು ಬ್ಯಾಡ, ಕರದದ್ದು ಬ್ಯಾಡ, ಹಂಚಿನ ಮ್ಯಾಲಿಂದು ಬ್ಯಾಡ ಅಂತ ಹೇಳಿದೆ ನೋಡು, ಇಲ್ಲಿ ಬಡಸಾಕಿ ನಗಲಿಕ್ಕೆ ಹತ್ತಿದಳು. ನಿನ್ನೆ ಒಬ್ಬಾಕಿ ಸೀರಿ ಉಟ್ಕೊಂಡು ಬಂದು ಇದನ್ನೇ ಹೇಳಿದಳು, ಅತ್ತುಕೋತ ಉಂಡಳು, ಶೇಂಗಾ ಉಂಡಿ ಕೊಟ್ಟಳು ಅಂದಳು. ಜಗತ್ತಿನ್ಯಾಗ ಇನ್ಯಾರು ಹಂಗ ಕೇಳ್ತಾರ ಅಕ್ಕಾ? ನೀ ಯಾಕ ನಿನ್ನೆ ಬಂದಿ?"

"ನಿನ್ನ ಕ್ಯಾಲೆಂಡರ್ ಹಿಡದು ಬಂದೆನೋ ಹುಚ್ಚಾ!" ಎಂದು ಕೂಗಿದೆ. ಪಕ್ಕದ ಬೆಂಚಿನ ಸಂಸಾರ ನಮ್ಮ ಕಡೆ ತಿರುಗಿತು. ನನಗೆ ನಗು ಬರುತ್ತಿದೆಯೋ ಅಳು ಬರುತ್ತಿದೆಯೋ ಗೊತ್ತಾಗಲಿಲ್ಲ. "ಅಲ್ಲೇ ಕೂಡು. ಏಳಬ್ಯಾಡ. ಬಂದೆ."

ಎಪ್ಪತ್ತು ಮೈಲಿ ಹಿಂದಕ್ಕೆ. ಅಷ್ಟು ನಿಧಾನದ ಮನುಷ್ಯ ಶ್ರೀಕಂಠ ಆ ದಿನ ಗಂಟೆಗೆ ಎಂಬತ್ತು ಮೈಲಿಯಲ್ಲಿ ಓಡಿಸಿದರು.

ಎರಡೂವರೆ ದಾಟಿತ್ತು. ಪಲ್ಲ್ಯಾ ಹೋಟೆಲಿನ ಬಾಗಿಲಲ್ಲೇ ನಿಂತಿದ್ದ. ಹೊಟ್ಟೆ ಬೆಳೆದಿತ್ತು, ಮೀಸೆ ಬೆಳ್ಳಗಾಗಿತ್ತು. "ಬಂದ್ಯಾ?" ಎಂದ. "ಬಂದೆ" ಎಂದೆ. ಅವನ ಹಿಂದೆ ಒಳಗೆ ನಡೆದೆವು. ಅದೇ ಕಿಟಕಿಯ ಮೇಜು. ಹಮ್ಮಸ್, ಮೊಸರು, ಬೇಳೆಯ ಸಾರು, ಅನ್ನ, ಎಲ್ಲವೂ ಆರಿ ತಣ್ಣಗಾಗಿದ್ದವು. ಅವನು ಒಂದು ಖರ್ಜೂರವನ್ನೂ ಮುಟ್ಟಿರಲಿಲ್ಲ. ಸಮೀರಾ ಸೊಂಟಕ್ಕೆ ಕೈ ಕೊಟ್ಟು, "ಇವನೇ ಏನು?" ಎಂದು ನನ್ನನ್ನು ಕೇಳಿ, ಹೌದೆಂದ ಮೇಲೆ ಅವನನ್ನು ಮೇಲಿನಿಂದ ಕೆಳಗೆ ನೋಡಿ, ಸಾರಿನ ಬಟ್ಟಲುಗಳನ್ನು ಬಿಸಿ ಮಾಡಲು ಎತ್ತಿಕೊಂಡು ಹೋದಳು.

"ಮನಿಗೆ ಯಾಕ ಕರೀಲಿಲ್ಲ?" ಎಂದು ಮೊದಲು ಅದನ್ನೇ ಕೇಳಿದೆ. ಒಂದು ತಿಂಗಳಿಂದ ಕೊರೆಯುತ್ತಿದ್ದದ್ದು ಅದು.

"ಧೈರ್ಯ ಆಗಲಿಲ್ಲ. ನಮ್ಮಾಕಿ ಮಕ್ಕಳ ಜೋಡಿ ಬೆಳಗಾವಿಗೆ ಹೋಗ್ಯಾಳ, ಮನಿಯಾಗ ನಾ ಒಬ್ಬನೇ. ಕರದು, ನೀ ಬರೂದಿಲ್ಲ ಅಂದಿದ್ರ ಆ ಮನಿಯಾಗ ಕೂತು ನಾ ಏನ್ ಮಾಡಬೇಕಿತ್ತು?"

ಈ ಉತ್ತರ ನನಗೆ ಹೊಳೆದೇ ಇರಲಿಲ್ಲ. ಮೂರು ವರ್ಷ ನನ್ನ ನೋವನ್ನಷ್ಟೇ ನೋಡಿಕೊಂಡು ಕುಳಿತಿದ್ದೆ.

"ಪಲ್ಲ್ಯಾ, ಅವತ್ತ ಫೋನಿನ್ಯಾಗ ನಾ ಅಂದದ್ದು ತಪ್ಪು. ಭಾಳ ತಪ್ಪು" ಎಂದೆ. ಇಷ್ಟು ಹೇಳಲು ಇನ್ನೂರ ಎಂಬತ್ತು ಮೈಲಿ ಬಂದದ್ದು, ಹೇಳಲು ತಗುಲಿದ್ದು ಎರಡು ಉಸಿರು.

ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಆ ಮಾತು ನಾ ಮರೀಲಿಕ್ಕೆ ನೋಡೀನಿ, ಅಕ್ಕಾ. ಆದ್ರ ಪ್ರತಿ ವರ್ಷ ಪಿಂಡಾ ಇಡೂ ಮುಂದ ಕೈ ನಡಗತದ. ಮುಟ್ಟತದೋ ಇಲ್ಲೋ ಅಂತ. ಪುರೋಹಿತರು ಮಂತ್ರ ಹೇಳಿ ಮುಂದ ಹೋಗಿರ್ತಾರ, ನಾ ಅಲ್ಲೇ ನಿಂತಿರ್ತೀನಿ."

ಮಗ ತಾಯಿಗೆ ಅನ್ನ ಇಡುವಾಗ ಅವನ ಕೈ ನಡುಗುವ ಹಾಗೆ ಮಾಡಿದವಳು ನಾನು. ಅವ್ವ ಇದ್ದಿದ್ದರೆ ನನ್ನ ಕೆನ್ನೆಗೆ ಬಾರಿಸುತ್ತಿದ್ದಳು. ನಾನು ಅವನ ಕೈ ಹಿಡಿದುಕೊಂಡೆ. ಸಮೀರಾ ಬಿಸಿ ಸಾರು ತಂದು ಸದ್ದಿಲ್ಲದೆ ಇಟ್ಟಳು.

ನಾಲ್ಕು ತುತ್ತು ಒಳಗೆ ಹೋದ ಮೇಲೆ ಅವನೇ ಮಾತು ತೆಗೆದ. "ಮುಂದಿನ ತಿಂಗಳ ಅವ್ವನ ತಿಥಿ. ಈ ಸಲನೂ ಎರಡು ದಿನ ಬಂದಾವ. ನೀ ಹೇಳಿದ ದಿನಾನೇ ಮಾಡ್ತೀನಿ, ಧಾರವಾಡದ್ದೇ."

"ಏನೂ ಬ್ಯಾಡ. ಮಾಡಾಂವ ನೀ. ಇಲ್ಲಿಂದೇ ಹಿಡಿ."

"ಇಲ್ಲ ಇಲ್ಲ, ನಿಂದೇ ಆಗಲಿ."

"ಒಮ್ಮೆ ಹೇಳಿದ್ರ ತಿಳಿಯೂದಿಲ್ಲೇನು ನಿನಗ? ನಿಂದೇ ಅಂದ್ರ ನಿಂದೇ!"

"ಯಾಕ ಒದರತೀ? ನಾ ನಿನ್ನ ಮಾತು ಕೇಳ್ತೀನಿ ಅಂತ ಹೇಳಲಿಕ್ಕೆ ಹತ್ತೀನಿ!"

ನೋಡನೋಡುತ್ತ ಇಬ್ಬರ ದನಿಯೂ ಏರಿತು. ಪಕ್ಕದ ಮೇಜಿನ ಮಗು ತಿನ್ನುವುದನ್ನು ಬಿಟ್ಟು ನಮ್ಮನ್ನೇ ನೋಡತೊಡಗಿತು. ಇನ್ನೊಂದು ನಿಮಿಷ ಹೋಗಿದ್ದರೆ ಮತ್ತೆ ಮೂರು ವರ್ಷಕ್ಕಾಗುವಷ್ಟು ಜಗಳ ಆಗಿಹೋಗುತ್ತಿತ್ತು. ಆಗ ಶ್ರೀಕಂಠ, ಅಲ್ಲಿಯವರೆಗೂ ತಲೆ ತಗ್ಗಿಸಿ ಅನ್ನಕ್ಕೆ ಮೊಸರು ಕಲಸುತ್ತಿದ್ದವರು, ತಲೆ ಎತ್ತಿದರು.

"ಎರಡ್ ದಿನಾನೂ ಮಾಡ್ರಪ್ಪ" ಎಂದರು. "ಒಂದಿನ ಅವನ ಮನೇಲಿ, ಒಂದಿನ ನಮ್ಮನೇಲಿ. ನಿಮ್ಮಮ್ಮ ಜೀವನ ಪೂರ್ತಿ ಎಲ್ರಿಗೂ ಬಡಿಸಿ, ಕೊನೇಲಿ ಉಳಿದಿದ್ದನ್ನ ಊಟ ಮಾಡಿದೋರು. ಎರಡ್ ದಿನ ಮೊದಲನೇ ಪಂಕ್ತೀಲಿ ಕೂತ್ಕೊಳ್ಳಲಿ ಬಿಡಿ."

ಪಲ್ಲ್ಯಾ ತುತ್ತನ್ನು ತಟ್ಟೆಯಲ್ಲೇ ಬಿಟ್ಟು, ಕರವಸ್ತ್ರ ಹುಡುಕಿ, ಸಿಗದೆ, ಹೋಟೆಲಿನ ಬಿಳಿ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡ. ನಾನು ಶ್ರೀಕಂಠರ ಕಡೆ ತಿರುಗಿದೆ. ಮೂವತ್ತು ವರ್ಷ ಸಂಸಾರ ಮಾಡಿದ ಮನುಷ್ಯನನ್ನು ಆ ಹೊತ್ತು ಮೊದಲ ಸಲ ನೋಡಿದ ಹಾಗಾಯಿತು.

ಹೊರಗೆ ಬಂದಾಗ ನಾಲ್ಕೂವರೆ. ಬಿಸಿಲು ಇಳಿದಿರಲಿಲ್ಲ. ಬೀದಿಯ ತುಂಬ ಜನ, ಐಸ್‌ಕ್ರೀಮಿಗೆ ಸಾಲು, ಕಾರುಗಳಿಂದ ಹಾಡು. ನಾನು ಸೋಮವಾರದ ಕೆಲಸ ನೆನೆದು, ಇನ್ನು ಹೊರಡುತ್ತೇವೆ ಎಂದೆ. ಪಲ್ಲ್ಯಾ ಕಾರಿನ ಬಾಗಿಲು ಹಿಡಿದು ನಿಂತ.

"ಅಕ್ಕಾ, ಮನಿಗೆ ಬಾ" ಎಂದ.

ನಾನು ಆಸ್ಪತ್ರೆಗೆ ಫೋನ್ ಮಾಡಿ ಸೋಮವಾರ ರಜೆ ಹಾಕಿದೆ. ಸ್ಟರ್ಲಿಂಗ್ ಹೈಟ್ಸ್ ಅಲ್ಲಿಂದ ಇಪ್ಪತ್ತೈದು ಮೈಲಿ. ಅವನ ಕಾರು ಮುಂದೆ, ನಮ್ಮದು ಹಿಂದೆ. ಹೆದ್ದಾರಿಯಲ್ಲಿ ಅವನು ನಿಧಾನದವರ ಬಲಗಡೆಯ ಲೇನ್ ಬಿಡಲಿಲ್ಲ. ಊರೊಳಗೆ ಬಂದ ಮೇಲೆ ಪ್ರತಿ ಸಿಗ್ನಲ್ಲಿನಲ್ಲೂ ಹಳದಿ ದೀಪ ಬಿದ್ದ ಕೂಡಲೇ, ಹಿಂದಿನವರು ಹಾರ್ನ್ ಹೊಡೆದರೂ ಲೆಕ್ಕಿಸದೆ, ನಾವೆಲ್ಲಿ ಹಿಂದೆ ಉಳಿದುಬಿಡುತ್ತೇವೋ ಎಂದು ನಿಂತುಬಿಡುತ್ತಿದ್ದ.